ಕಾಲ ಮೀರಿದ ಲಸಿಕೆ: ಅಹಿಂಸೆಯ ದೃಷ್ಟಿಯಿಂದ ಒಂದು ವಿಚಾರ

ಹಿಂಸೆಯೆಂದರೆ ಮಾಡಿದ ಕೃತ್ಯವೆಂಬುದು ಲೋಕದ ಸಾಮಾನ್ಯ ತಿಳಿವಳಿಕೆ. ಹೊಡೆದವನು, ಕಡಿದವನು, ತುಳಿದವನು ಹಿಂಸಕ. ಮನೆಯಲ್ಲಿ ಸುಮ್ಮನೆ ಕುಳಿತವನು ನಿರ್ದೋಷಿ. ಜೈನಾಚಾರ್ಯರು ಈ ಎಣಿಕೆಯನ್ನು ಒಪ್ಪಿದವರಲ್ಲ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳಿ ಬಿಡದೆ ಅದರ ಹಿಂದಿರುವ ಪ್ರಮಾದವನ್ನೂ ಸೇರಿಸಿದರು. ಎಚ್ಚರದಿಂದ ನಡೆಯುವ ಮುನಿಯ ಕಾಲಡಿಗೆ ಅಕಸ್ಮಾತ್ತಾಗಿ ಕ್ಷುದ್ರ ಜೀವಿಯೊಂದು ಸಿಕ್ಕಿದರೆ ಆತನಿಗೆ ಹಿಂಸೆಯ ದೋಷವಿಲ್ಲ. ಎಚ್ಚರವಿಲ್ಲದೆ ನಡೆದವನಿಗೆ, ಯಾವ ಜೀವಿಯೂ ಸಾಯದಿದ್ದರೂ, ದೋಷ ತಪ್ಪುವುದಿಲ್ಲ. ಪ್ರಮಾದವೆಂದರೆ ಅಜಾಗರೂಕತೆ, ಮೈಮರೆವು, ಔದಾಸೀನ್ಯ. ಮಾಡಬಾರದುದನ್ನು ಮಾಡುವಲ್ಲಿ ಅದು ಹೇಗೆ ಇರುವುದೋ, ಮಾಡಬೇಕಾದುದನ್ನು ಅದರ ದಿನಕ್ಕೆ ಮಾಡದೆ ಬಿಡುವಲ್ಲಿಯೂ ಹಾಗೆಯೇ ಇರಬಲ್ಲದು. ಮೊದಲನೆಯದು ಕಣ್ಣಿಗೆ ಕಾಣುತ್ತದೆ. ಎರಡನೆಯದು ಕಾಣುವುದಿಲ್ಲ, ಎಷ್ಟೋ ಸಲ ಅದು ವಾತ್ಸಲ್ಯದ ವೇಷವನ್ನೇ ತೊಟ್ಟಿರುತ್ತದೆ. 2020ರಲ್ಲಿ ಕೊರೋನಾ ಸೋಂಕು ಹರಡಿದಾಗ ಈ ಎರಡನೆಯ ಬಗೆಯ ಪ್ರಶ್ನೆಯು ಗೃಹಸ್ಥರ ಮನೆಯ ತೊಟ್ಟಿಲ ಬಳಿಗೇ ಬಂದು ನಿಂತಿತು.

ಆ ವರ್ಷ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಗಳಲ್ಲಿ ವ್ಯವಹಾರ ನಿಂತಿತು. ಏಪ್ರಿಲ್ ಕೊನೆಯ ಹೊತ್ತಿಗೆ ಜಿಲ್ಲೆ ಹಸಿರು ವಲಯಕ್ಕೆ ಸೇರಿತೆಂದು ಜನ ಉಸಿರುಬಿಡುವಷ್ಟರಲ್ಲಿಯೇ ಬಾಷಾ ನಗರ, ಜಾಲಿನಗರಗಳಲ್ಲಿ ಸೋಂಕು ಕಾಣಿಸಿಕೊಂಡು ಆ ಬೀದಿಗಳು ಸೀಲ್‌ಡೌನ್ ಆದವು. ಹರಿಹರಕ್ಕೂ ದಾವಣಗೆರೆಗೂ ಇರುವ ಅಂತರ ಹದಿನಾಲ್ಕು ಕಿಲೋಮೀಟರಿನ ಆಸುಪಾಸು. ಮೇ 19ರಂದು ಸಾರಿಗೆ ಬಸ್ಸುಗಳು ಮತ್ತೆ ಓಡುವವರೆಗೆ ಸ್ವಂತ ವಾಹನವಿಲ್ಲದವರಿಗೆ ಆ ದೂರವೇ ದೊಡ್ಡದಾಯಿತು. ಮನೆಮನೆಗೆ ಬಂದು ಮಗುವಿನ ಲಸಿಕೆಯ ದಿನವನ್ನು ನೆನಪಿಸುತ್ತಿದ್ದ ಆಶಾ ಕಾರ್ಯಕರ್ತೆಯರು ಜ್ವರದ ಸಮೀಕ್ಷೆಗೆ ನಿಯೋಜಿತರಾದರು. ಜುಲೈ 10ರಿಂದ ಅವರು ತಮ್ಮ ಗೌರವಧನವನ್ನು 12,000 ರೂಪಾಯಿಗೆ ಏರಿಸಬೇಕೆಂದು ರಾಜ್ಯಾದ್ಯಂತ ಮುಷ್ಕರ ಹೂಡಿದುದು ಅನೇಕರಿಗೆ ನೆನಪಿರಬಹುದು. ಆ ಬೇಡಿಕೆಯಲ್ಲಿ ಅನ್ಯಾಯವೇನೂ ಇರಲಿಲ್ಲ.

ಹಾಗೆಂದು ಎಲ್ಲ ಬಾಗಿಲುಗಳೂ ಮುಚ್ಚಿದ್ದವೆಂದು ಹೇಳಲಾಗದು. ವಿಶ್ವ ಆರೋಗ್ಯ ಸಂಸ್ಥೆಯು ಮಾರ್ಚ್ 26ರಷ್ಟು ಮುಂಚಿತವಾಗಿಯೇ, ಜನಸಂದಣಿ ಸೇರಿಸುವ ಸಾಮೂಹಿಕ ಅಭಿಯಾನಗಳನ್ನು ಮುಂದೂಡಿರಿ, ಆದರೆ ವಾಡಿಕೆಯ ಲಸಿಕೆಗಳನ್ನು ಸಾಧ್ಯವಿದ್ದಲ್ಲೆಲ್ಲ ಮುಂದುವರಿಸಿರಿ ಎಂದು ತಿಳಿಸಿತ್ತು. ಭಾರತದ ಆರೋಗ್ಯ ಮಂತ್ರಾಲಯವೂ ಸೋಂಕಿನ ವಲಯಗಳಲ್ಲಿ ಊರೊಳಗಿನ ಲಸಿಕಾ ಶಿಬಿರಗಳನ್ನು ತಡೆಹಿಡಿಯಿತೇ ಹೊರತು, ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುವಿಗೆ ಕೊಡುವ ಮೊದಲ ಲಸಿಕೆಗಳನ್ನು ಎಲ್ಲಿಯೂ ನಿಲ್ಲಿಸಬಾರದೆಂದು ಸೂಚಿಸಿತು. ಆದುದರಿಂದ ಆ ತಿಂಗಳುಗಳಲ್ಲಿ ತಪ್ಪಿಹೋದ ಡೋಸುಗಳಲ್ಲಿ ಕೆಲವು ದಾರಿಯಿಲ್ಲದೆ ತಪ್ಪಿದವು, ಕೆಲವು ದಾರಿಯಿದ್ದೂ ತಪ್ಪಿದವು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಧರ್ಮವಲ್ಲ.

ವಿಷಯ ಸ್ಪಷ್ಟವಾಗಲು ಒಂದು ಲೆಕ್ಕವನ್ನು ಹಾಕಿ ನೋಡಬಹುದು. ಹರಿಹರದಲ್ಲಿ 2019ರ ಜೂನ್ 25ರಂದು ಒಂದು ಮಗು ಹುಟ್ಟಿತೆಂದು ಭಾವಿಸೋಣ. ಹುಟ್ಟಿದಾಗ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್-ಬಿ ಆದವು. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆಯೂ ಅದರ ಜೊತೆಯವೂ ಆದವು. ಮುಂದಿನದು ಒಂಬತ್ತು ತಿಂಗಳು ತುಂಬಿದಾಗ ಹಾಕಿಸಬೇಕಾದ ದಡಾರ-ರುಬೆಲ್ಲಾ ಲಸಿಕೆ. ಒಂಬತ್ತು ತಿಂಗಳು ತುಂಬುವ ದಿನ 2020ರ ಮಾರ್ಚ್ 25. ಅಂದರೆ ದೇಶ ಬಾಗಿಲು ಹಾಕಿಕೊಂಡ ದಿನವೇ ಆ ಮಗುವಿನ ತಾಯಿ ಕಾರ್ಡಿನಲ್ಲಿ ಒಂದು ಚೌಕವು ತುಂಬಲು ಕಾದಿತ್ತು. ಆ ವಾರ ಒಂಬತ್ತು ತಿಂಗಳು ತುಂಬಿದ ಮಕ್ಕಳು ಈ ಜಿಲ್ಲೆಯಲ್ಲಿ ಬಹಳ ಮಂದಿ ಇದ್ದರು.

ಒಂಬತ್ತು ತಿಂಗಳು ಎಂಬ ಅವಧಿ ಯಾರೋ ಮೇಜಿನ ಮುಂದೆ ಕುಳಿತು ಅಂದಾಜಿನಿಂದ ಗೊತ್ತುಮಾಡಿದ್ದಲ್ಲ. ಗರ್ಭದಲ್ಲಿದ್ದಾಗ ತಾಯಿಯ ರಕ್ತದಿಂದ ಮಗುವಿಗೆ ಬಂದ ರಕ್ಷಣೆಯು ಹುಟ್ಟಿದ ಮೇಲೆ ತಿಂಗಳು ತಿಂಗಳಿಗೂ ಕರಗುತ್ತ ಹೋಗುತ್ತದೆ. ಅದು ಬಲವಾಗಿರುವಾಗ ಲಸಿಕೆ ಕೊಟ್ಟರೆ ಆ ರಕ್ಷಣೆಯೇ ಲಸಿಕೆಯನ್ನು ನಿಷ್ಫಲಗೊಳಿಸುತ್ತದೆ. ಅದು ಪೂರ್ಣ ಕರಗಿದ ಮೇಲೆ ತಡಮಾಡಿದರೆ ಮಗು ಬರಿಮೈಯಲ್ಲಿ ರೋಗದ ಎದುರು ನಿಲ್ಲುತ್ತದೆ. ಈ ಎರಡರ ನಡುವಿನ ಸಂಧಿಯೇ ಒಂಬತ್ತನೆಯ ತಿಂಗಳು. ಹುಂಡಿಯ ವಾಯಿದೆಯನ್ನು ಒಂದು ದಿನವೂ ಮರೆಯದ ವರ್ತಕ ಕುಟುಂಬಗಳಲ್ಲಿ ಈ ವಾಯಿದೆಯು ಮರೆತುಹೋದುದು ವಿಚಿತ್ರವೇ ಸರಿ. ಹುಂಡಿ ತಪ್ಪಿದರೆ ಬಡ್ಡಿ ಕೊಟ್ಟು ತೀರಿಸಬಹುದು. ಇಲ್ಲಿ ಬಡ್ಡಿಯನ್ನು ತೆರುವುದು ಸಾಲಮಾಡದ ಶಿಶು.

ಹಾಗಾದರೆ ತಂದೆತಾಯಿಗಳು ಏಕೆ ತಡಮಾಡಿದರು? ಬಹುಮಟ್ಟಿಗೆ ಭಯದಿಂದ. ಆ ಭಯವನ್ನು ಹಗುರವಾಗಿ ಕಾಣಬಾರದು. ಹುಬ್ಬಳ್ಳಿ, ಹರಿಹರ, ದಾವಣಗೆರೆಗಳನ್ನು ಬೆಸೆಯುವ ರೈಲುದಾರಿಯ ಈ ಸೀಮೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗಿನ ಕಾಲವನ್ನು ಕಂಡಿದೆ. ಊರಿಗೆ ಪ್ಲೇಗು ಬಂದರೆ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು ಇರುವುದು ಹಿರಿಯರು ಕಂಡುಕೊಂಡ ಉಪಾಯ. ಅದರಿಂದ ಎಷ್ಟೋ ಜೀವಗಳು ಉಳಿದವು. ದೂರವಿರುವುದೇ ರಕ್ಷಣೆ ಎಂಬ ಆ ಪಾಠ ಮೊಮ್ಮಕ್ಕಳ ಮನಸ್ಸಿನಲ್ಲಿಯೂ ಉಳಿದಿದೆ. ಆದರೆ ಅದೇ ಕಾಲದ ಇನ್ನೊಂದು ಪಾಠವನ್ನು ಜನ ಮರೆತರು. ಹಾಫ್‌ಕಿನ್ ಎಂಬ ವಿಜ್ಞಾನಿ 1897ರಲ್ಲಿ ಮುಂಬಯಿಯಲ್ಲಿ ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನರು ಪಡೆದರು. ಊರಿನಲ್ಲಿ ರೋಗ ಉರಿಯುತ್ತಿರುವಾಗಲೇ ಜನ ಮನೆಯಿಂದ ಹೊರಬಂದು ಸೂಜಿಗೆ ತೋಳು ಒಡ್ಡಿದರು. ದೂರವಿರುವುದು ಒಂದು ವಿವೇಕ, ಕಾರ್ಯಕ್ಕಾಗಿ ಹೊರಬರುವುದು ಇನ್ನೊಂದು ವಿವೇಕ. ಎರಡೂ ಅದೇ ಕಾಲದಲ್ಲಿ, ಇದೇ ರೈಲುದಾರಿಯ ಊರುಗಳಲ್ಲಿ ಇದ್ದವು.

ಭಯದ ಸ್ವಭಾವವೊಂದಿದೆ. ಅದು ಹೊಸ ಅಪಾಯವನ್ನು ದೊಡ್ಡದಾಗಿ ತೋರಿಸಿ, ಹಳೆಯ ಅಪಾಯವನ್ನು ಅದರ ನೆರಳಿನಲ್ಲಿ ಮರೆಮಾಡುತ್ತದೆ. ಕೊರೋನಾ ಮುಖ್ಯವಾಗಿ ವೃದ್ಧರನ್ನೂ ಬೇರೆ ಕಾಯಿಲೆಗಳಿದ್ದವರನ್ನೂ ಕೊಂಡೊಯ್ದಿತು; ಚಿಕ್ಕ ಮಕ್ಕಳಲ್ಲಿ ಅದು ಬಹುಪಾಲು ಸೌಮ್ಯವಾಗಿತ್ತು. ದಡಾರ ಹಾಗಲ್ಲ. ಅದು ಹುಡುಕಿಕೊಂಡು ಹೋಗುವುದೇ ಮಕ್ಕಳನ್ನು. ರಕ್ಷಣೆಯಿಲ್ಲದ ಜನರ ನಡುವೆ ಒಬ್ಬ ರೋಗಿಯಿಂದ ಹನ್ನೆರಡರಿಂದ ಹದಿನೆಂಟು ಜನರಿಗೆ ಅದು ಹರಡಬಲ್ಲದು. ರೋಗಿಯು ಎದ್ದುಹೋದ ಮೇಲೆಯೂ ಆ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೆ ಇರಬಲ್ಲದು. ಮೈಮೇಲೆ ಗುಳ್ಳೆ ಏಳುವುದಕ್ಕೆ ನಾಲ್ಕು ದಿನ ಮೊದಲೇ ಹರಡಲು ತೊಡಗುವುದರಿಂದ, ಗುಳ್ಳೆ ಕಂಡ ಮೇಲೆ ಮಗುವನ್ನು ಬೇರೆ ಇಡುವುದು ಕಳ್ಳ ಹೋದ ಮೇಲೆ ಕದ ಹಾಕಿದಂತೆ. ಅದರ ನಂತರ ಬರುವ ನ್ಯುಮೋನಿಯಾ, ಭೇದಿ, ಮೆದುಳಿನ ಊತ, ಕಣ್ಣಿನ ಹಾನಿ ಇವೆಲ್ಲ ವೈದ್ಯರಿಗೆ ಗೊತ್ತಿರುವಂಥವೇ. ಇತ್ತೀಚೆಗೆ ಗೊತ್ತಾದ ಇನ್ನೊಂದು ಸಂಗತಿಯೆಂದರೆ, ದಡಾರವು ಮಗುವಿನ ಶರೀರವು ಇತರ ರೋಗಗಳ ವಿರುದ್ಧ ಅಲ್ಲಿಯವರೆಗೆ ಗಳಿಸಿದ್ದ ನೆನಪಿನ ಒಂದು ಭಾಗವನ್ನೇ ಅಳಿಸಿಹಾಕುತ್ತದೆ. ಕನ್ನಡ ನಾಡಿನಲ್ಲಿ ಇದನ್ನು "ಅಮ್ಮ" ಎಂದು ಕರೆದು ಬೇವಿನ ಸೊಪ್ಪು ಕಟ್ಟುವ ರೂಢಿಯಿದೆ. ಶ್ರಾವಕರ ಮನೆಗಳಲ್ಲಿಯೂ ಅಜ್ಜಿಯರು ಹಾಗೆ ಮಾಡಿದ್ದುಂಟು. ಹೆಸರು ಸೌಮ್ಯವಾದ ಮಾತ್ರಕ್ಕೆ ರೋಗ ಸೌಮ್ಯವಾಗುವುದಿಲ್ಲ.

ಈ ಎರಡು ಅಪಾಯಗಳನ್ನು ಅಂಕೆಗಳಲ್ಲಿ ತೂಗಿದವರೂ ಇದ್ದಾರೆ. 2020ರಲ್ಲಿ ಲಂಡನ್ನಿನ ಸಂಶೋಧಕರು ಆಫ್ರಿಕಾ ಖಂಡದ ದೇಶಗಳನ್ನು ಕುರಿತು ಒಂದು ಲೆಕ್ಕವನ್ನು ಪ್ರಕಟಿಸಿದರು. ಲಸಿಕೆಗೆಂದು ಆರೋಗ್ಯ ಕೇಂದ್ರಕ್ಕೆ ಹೋಗಿ ಬಂದುದರಿಂದ ಮನೆಯವರಿಗೆ ಸೋಂಕು ತಗುಲಿ ಆಗಬಹುದಾದ ಒಂದೊಂದು ಮರಣಕ್ಕೆ ಎದುರಾಗಿ, ಲಸಿಕೆಯನ್ನು ನಿಲ್ಲಿಸದಿರುವುದರಿಂದ ಸುಮಾರು 84 ಮಕ್ಕಳ ಮರಣವನ್ನು ತಡೆಯಬಹುದೆಂದು ಅವರು ಕಂಡುಕೊಂಡರು. ಆಫ್ರಿಕಾದ ಲೆಕ್ಕ ಕರ್ನಾಟಕಕ್ಕೆ ಹಾಗೆ ಹಾಗೆಯೇ ಹೊಂದುವುದಿಲ್ಲ. ಆದರೂ ತಕ್ಕಡಿಯ ಯಾವ ತಟ್ಟೆ ಕೆಳಗಿಳಿಯುತ್ತದೆಂಬುದರಲ್ಲಿ ಸಂಶಯವಿಲ್ಲ. ಇದಕ್ಕೆ ಮೊದಲೇ 2019ರಲ್ಲಿ ಕಾಂಗೋ ದೇಶದಲ್ಲಿ ಎಲ್ಲರ ಕಣ್ಣೂ ಎಬೋಲಾದ ಮೇಲಿರುವಾಗ ದಡಾರವು ಆರು ಸಾವಿರಕ್ಕೂ ಮಿಕ್ಕಿ ಜನರನ್ನು ಕೊಂದಿತು, ಎಬೋಲಾ ಕೊಂದುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು.

ಭಾರತದಲ್ಲಿ ಆದುದೇನು? ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳು 2021ರ ಜುಲೈನಲ್ಲಿ ಕೊಟ್ಟ ಅಂದಾಜಿನಂತೆ, ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಲಸಿಕೆಯ ಮೊದಲ ಡೋಸನ್ನೂ ಪಡೆಯದ ಮಕ್ಕಳ ಸಂಖ್ಯೆ 2019ರಲ್ಲಿ ಸುಮಾರು 14 ಲಕ್ಷವಿದ್ದುದು 2020ರಲ್ಲಿ 30 ಲಕ್ಷವನ್ನು ಮುಟ್ಟಿತು. ಕರ್ನಾಟಕದಲ್ಲಿ ಸೋಂಕಿಗೆ ಸ್ವಲ್ಪ ಮೊದಲು ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಎಲ್ಲ ಮೂಲ ಲಸಿಕೆಗಳನ್ನು ಪಡೆದ ಮಕ್ಕಳು ಶೇಕಡಾ 84ರಷ್ಟು ಇದ್ದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಶೇಕಡಾ 63ರ ಸಮೀಪವಿತ್ತು. ಹೀಗೆ ಕಷ್ಟಪಟ್ಟು ಏರಿದ ಮೆಟ್ಟಿಲುಗಳು. ಇಷ್ಟಿದ್ದರೂ ದಡಾರವನ್ನು ತಡೆಯಲು ನೂರಕ್ಕೆ ತೊಂಬತ್ತೈದು ಮಕ್ಕಳಿಗೆ ಎರಡೂ ಡೋಸು ಆಗಿರಬೇಕು. ಸೋಂಕಿನ ಎರಡು ವರ್ಷಗಳಲ್ಲಿ ಉಳಿದುಹೋದ ಬಾಕಿ 2022ರ ಕೊನೆಯಲ್ಲಿ ಮುಂಬಯಿ, ಮಾಲೆಗಾಂವ್‌ಗಳಲ್ಲಿ ವಸೂಲಿಗೆ ಬಂದಿತು. ಅಲ್ಲಿ ದಡಾರ ಹರಡಿ ಹತ್ತಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು.

ಇನ್ನು ದೋಷದ ವಿಚಾರ. ಮಿಲ್ಲು, ಕಾರ್ಖಾನೆಗಳಲ್ಲಿಯೋ ಭತ್ತದ ಗದ್ದೆಗಳಲ್ಲಿಯೋ ದಿನಗೂಲಿಗೆ ದುಡಿಯುವ ಸಂಸಾರ, ಕೂಲಿ ನಿಂತು, ಬಸ್ಸು ನಿಂತು, ಬೀದಿಯ ಕೊನೆಗೆ ಬಿದಿರು ಕಟ್ಟಿ ಮುಚ್ಚಿರುವಾಗ ಮಗುವಿಗೆ ಲಸಿಕೆ ಹಾಕಿಸಲಾಗಲಿಲ್ಲವೆಂದರೆ ಅದು ಅಶಕ್ತಿ. ಅಶಕ್ತಿಗೆ ಪ್ರಮಾದವೆಂಬ ಹೆಸರಿಡುವುದು ಇನ್ನೊಂದು ಹಿಂಸೆ. ಆದರೆ ಮನೆಯ ಮುಂದೆ ಕಾರು ನಿಂತಿದೆ, ಮಕ್ಕಳ ವೈದ್ಯರ ದೂರವಾಣಿ ಸಂಖ್ಯೆ ಗೋಡೆಯ ಮೇಲಿದೆ, ಸ್ಯಾನಿಟೈಸರ್ ಬಾಟಲಿಗಳು ಪೆಟ್ಟಿಗೆಗಟ್ಟಲೆ ಬಂದಿವೆ, ಮಗುವಿನ ಕಾರ್ಡು ಮಾತ್ರ ಬೀರುವಿನಲ್ಲಿ ಆರು ತಿಂಗಳು ಹಾಗೆಯೇ ಇತ್ತು ಎಂದರೆ ಅದನ್ನು ಬೇರೆ ಯಾವ ಹೆಸರಿನಿಂದ ಕರೆಯಬೇಕು? ಲಾಕ್‌ಡೌನ್ ಸಡಿಲಿದ ಮೇಲೆ ಮದುವೆಗೆ ಹೋಗಿ ಬಂದ ಕುಟುಂಬಗಳು ಲಸಿಕೆಗೆ ಮಾತ್ರ "ಸ್ವಲ್ಪ ತಣ್ಣಗಾಗಲಿ" ಎಂದುದುಂಟು. 2021ರ ಜನವರಿ 16ರಂದು ಕೊರೋನಾ ಲಸಿಕೆ ಆರಂಭವಾದ ಬಳಿಕ ದೊಡ್ಡವರು ತಮ್ಮ ಸರದಿಗಾಗಿ ಬೆಳಗಿನಿಂದ ಸಾಲಿನಲ್ಲಿ ನಿಂತರು. ಆಗಲೂ ಮನೆಯ ಶಿಶುವಿನ ಹಳೆಯ ಬಾಕಿ ಕೆಲವರಿಗೆ ನೆನಪಾಗಲಿಲ್ಲ. ಇಲ್ಲಿ ಭಯವು ಕಾರಣವಾಗಿರಲಿಲ್ಲ, ನೆಪವಾಗಿತ್ತು ಎನ್ನಬೇಕಾಗುತ್ತದೆ.

ಭಯವೂ ನಿಜ, ಕರ್ತವ್ಯವೂ ನಿಜ ಎಂದಾಗ ನಡೆಯುವ ಬಗೆ ಹೇಗೆ ಎಂಬುದಕ್ಕೆ ಮುನಿಗಳ ಈರ್ಯಾಸಮಿತಿಯಲ್ಲಿ ಒಂದು ದಾರಿ ಇದೆ. ನೆಲದಲ್ಲಿ ಜೀವಿಗಳಿವೆಯೆಂದು ಮುನಿಯು ಆಹಾರಕ್ಕೂ ವಿಹಾರಕ್ಕೂ ಹೋಗದೆ ಒಂದೇ ಕಡೆ ನಿಂತುಬಿಡುವುದಿಲ್ಲ. ಹಗಲಿನಲ್ಲಿ, ಮುಂದಿನ ನಾಲ್ಕು ಮೊಳದ ನೆಲವನ್ನು ನೋಡುತ್ತ, ಅಗತ್ಯವಿದ್ದಷ್ಟೇ ನಡೆಯುತ್ತಾನೆ. ಅಪಾಯಕ್ಕೆ ಉತ್ತರ ನಿಶ್ಚಲತೆಯಲ್ಲ, ಎಚ್ಚರದ ಚಲನೆ. ಸೋಂಕಿನ ಕಾಲದಲ್ಲಿ ಮಗುವಿಗೆ ಲಸಿಕೆ ಹಾಕಿಸುವುದಕ್ಕೂ ಇದೇ ಕ್ರಮ ಸಲ್ಲುತ್ತದೆ. ಮೊದಲೇ ಫೋನು ಮಾಡಿ ಹೊತ್ತು ಗೊತ್ತುಮಾಡಿಕೊಳ್ಳುವುದು. ಮಗುವಿನೊಡನೆ ಒಬ್ಬರೇ ಹೋಗುವುದು, ಅಜ್ಜ ಅಜ್ಜಿಯರನ್ನು ಮನೆಯಲ್ಲಿಯೇ ಬಿಡುವುದು. ಬಾಯಿ ಮೂಗು ಮುಚ್ಚಿಕೊಳ್ಳುವುದು. ಲಸಿಕೆಯ ನಂತರ ಕಾಯಬೇಕಾದ ಅರ್ಧ ಗಂಟೆಯನ್ನು ಸಂದಣಿಯಿಂದ ದೂರ, ಗಾಳಿಯಾಡುವೆಡೆಯಲ್ಲಿ ಕಳೆಯುವುದು. ಮನೆಯಲ್ಲಿ ಯಾರಿಗಾದರೂ ಜ್ವರವಿದ್ದರೆ ಆ ದಿನ ಹೋಗದೆ ಗುಣವಾದೊಡನೆ ಹೋಗುವುದು. ಇದರಲ್ಲಿ ಸಾಹಸವೇನೂ ಇಲ್ಲ. ಬಾಯಿಗೆ ವಸ್ತ್ರ ಕಟ್ಟುವುದನ್ನು ಸ್ಥಾನಕವಾಸಿ ಸಾಧುಗಳು ಲೋಕಕ್ಕೆ ಬಹು ಹಿಂದೆಯೇ ತೋರಿಸಿದ್ದರೆಂದು 2020ರಲ್ಲಿ ಹಲವರು ಹೆಮ್ಮೆಪಟ್ಟರು. ಮುಹಪತ್ತಿಯ ಉದ್ದೇಶ ಬೇರೆ ಜೀವದ ರಕ್ಷಣೆಯೇ ಹೊರತು ಕಟ್ಟಿಕೊಂಡವರದಲ್ಲ ಎಂಬುದನ್ನು ಆ ಹೆಮ್ಮೆಯೊಡನೆ ನೆನೆಯಬೇಕಾಗಿತ್ತು.

ಕೆಲವು ಶ್ರಾವಕರು ಎತ್ತುವ ಇನ್ನೊಂದು ಆಕ್ಷೇಪವನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ದಡಾರದ ಕೆಲವು ಲಸಿಕೆಗಳ ವೈರಾಣುವನ್ನು ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸುತ್ತಾರೆ. ಹೀಗಿರುವಾಗ ಅದು ಅಹಿಂಸಾವ್ರತಿಗೆ ಗ್ರಾಹ್ಯವೇ ಎಂಬುದು ಆ ಆಕ್ಷೇಪ. ಪ್ರಶ್ನೆ ಪ್ರಾಮಾಣಿಕವಾದುದು. ಅದಕ್ಕೆ ಉತ್ತರ ಹೇಳುವಾಗ ಆಚಾರ್ಯರು ಗೃಹಸ್ಥನಿಗೆ ಮಾಡಿಕೊಟ್ಟಿರುವ ವಿಂಗಡಣೆಯನ್ನು ನೆನೆಯಬೇಕು. ಸಂಕಲ್ಪೀ ಹಿಂಸೆಯನ್ನು ಶ್ರಾವಕನು ಪೂರ್ಣವಾಗಿ ಬಿಡತಕ್ಕದ್ದು. ಆರಂಭೀ, ಉದ್ಯೋಗೀ, ವಿರೋಧೀ ಎಂಬ ಮೂರು ಬಗೆಗಳನ್ನು, ಅಂದರೆ ಬಾಳುವುದಕ್ಕೂ ದುಡಿಯುವುದಕ್ಕೂ ರಕ್ಷಿಸಿಕೊಳ್ಳುವುದಕ್ಕೂ ಅನಿವಾರ್ಯವಾಗಿ ಆಗುವ ಹಿಂಸೆಯನ್ನು, ಆದಷ್ಟು ಕಡಿಮೆಮಾಡುತ್ತ ಸಾಗತಕ್ಕದ್ದು. ಲಸಿಕೆ ಈ ಕೊನೆಯ ಗುಂಪಿಗೆ ಸೇರುತ್ತದೆ. ಜೀವಿಮೂಲವಿಲ್ಲದ ಲಸಿಕೆಗಾಗಿ ಒತ್ತಾಯಿಸುವುದು ಶ್ರಾವಕನಿಗೆ ಭೂಷಣ. ಆದರೆ ಅದು ಬರುವವರೆಗೆ ತನ್ನ ವ್ರತದ ಬೆಲೆಯನ್ನು ವ್ರತ ತೊಡದ ಶಿಶುವಿನಿಂದ ವಸೂಲುಮಾಡುವುದು ವ್ರತವಲ್ಲ. ಗೋವಿನ ಸಿಡುಬಿನ ರಸದಿಂದ ತೆಗೆದ ಲಸಿಕೆ ಮೈಸೂರಿಗೆ ಬಂದಾಗಲೂ ಮಡಿಯ ಪ್ರಶ್ನೆ ಎದ್ದಿರಲೇಬೇಕು. ಆದರೂ ಅರಮನೆಯ ರಾಣಿಯರು ಹಿಂಜರಿಯಲಿಲ್ಲ. ಸುಮಾರು 1805ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಮೂವರು ಸ್ತ್ರೀಯರ ಚಿತ್ರವು ಲಸಿಕೆಯ ಪ್ರಚಾರಕ್ಕೆ ಸಂಬಂಧಿಸಿದುದೆಂದೂ ಅವರಲ್ಲಿ ಒಬ್ಬರು ತೋಳಿನ ಲಸಿಕೆಯ ಗುರುತಿನ ಕಡೆ ಬೆರಳು ಮಾಡಿರುವರೆಂದೂ ಇತಿಹಾಸಜ್ಞರು ಗುರುತಿಸಿದ್ದಾರೆ.

ಒಂದು ಮನೆಯ ತಡ ಆ ಮನೆಯೊಳಗೇ ಉಳಿಯುವುದಿಲ್ಲವೆಂಬುದು ಈ ವಿಚಾರದ ಅತ್ಯಂತ ಗಂಭೀರವಾದ ಭಾಗ. ಮೇಲೆ ಹೇಳಿದ ಹರಿಹರದ ಮಗುವಿನ ಪಕ್ಕದ ಮನೆಯಲ್ಲಿ ನಾಲ್ಕು ತಿಂಗಳ ಇನ್ನೊಂದು ಮಗು ಇದೆಯೆನ್ನೋಣ. ಅದಕ್ಕೆ ದಡಾರದ ಲಸಿಕೆ ಕೊಡುವ ವಯಸ್ಸೇ ಆಗಿಲ್ಲ. ಎದುರು ಬೀದಿಯಲ್ಲಿ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಬಾಲಕನಿದ್ದರೆ ಅವನಿಗೆ ಜೀವಂತ ಲಸಿಕೆಯನ್ನು ಕೊಡಲಾಗದು. ಇವರಿಬ್ಬರಿಗೂ ಇರುವ ರಕ್ಷಣೆ ಒಂದೇ: ಸುತ್ತಲಿನವರಿಗೆ ರೋಗ ಬರದಿರುವುದು. ಶಕ್ತಿಯಿದ್ದವನು ತಡಮಾಡಿದಾಗ ಅಶಕ್ತನ ಗೋಡೆಯಿಂದ ಒಂದು ಇಟ್ಟಿಗೆ ಬಿದ್ದಂತೆ. ತನ್ನ ಮಗುವಿನ ವಿಷಯದಲ್ಲಿ ನಿರ್ಧಾರ ತನ್ನದು ಎಂದು ಹೇಳುವವರು ಈ ನಾಲ್ಕು ತಿಂಗಳ ಶಿಶುವಿನ ಪರವಾಗಿ ಯಾರು ನಿರ್ಧರಿಸಬೇಕೆಂಬುದನ್ನೂ ಹೇಳಬೇಕಾಗುತ್ತದೆ.

ಬಸದಿ, ಮಂದಿರಗಳ ಟ್ರಸ್ಟುಗಳಿಗೂ ಇಲ್ಲಿ ಕೆಲಸವಿದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಲಾಕ್‌ಡೌನಿನ ಕಾಲದಲ್ಲಿ ಎಲ್ಲೆಡೆ ನಡೆದುದು ಆಹಾರದಾನ, ಅದು ಉಚಿತವಾದುದೇ. ಔಷಧದಾನ, ಅಭಯದಾನಗಳಿಗೆ ಹಣಕ್ಕಿಂತ ಸ್ಥಳ ಮತ್ತು ಜ್ಞಾಪಕ ಹೆಚ್ಚು ಬೇಕು. ಕಲ್ಯಾಣಮಂಟಪಗಳು ತಿಂಗಳುಗಟ್ಟಲೆ ಬೀಗ ಹಾಕಿಕೊಂಡಿದ್ದವು. ಆರೋಗ್ಯ ಕೇಂದ್ರದ ಇಕ್ಕಟ್ಟಿನಲ್ಲಿ ಜ್ವರದ ರೋಗಿಗಳ ನಡುವೆ ನಡೆಯಬೇಕಾದ ಗುರುವಾರದ ಲಸಿಕೆ, ಗಾಳಿ ಬೆಳಕಿರುವ ಅಂಥ ವಿಶಾಲ ಮಂಟಪದಲ್ಲಿ, ಮಕ್ಕಳಿಗಾಗಿಯೇ, ಹೊತ್ತು ಹಂಚಿಕೊಂಡು ನಡೆಯಬಹುದಾಗಿತ್ತು. ಹಾಲು, ಔಷಧ ಸಾಗಿಸುವ ವಾಹನಕ್ಕೆ ಸಿಕ್ಕ ಪಾಸು ತಾಯಿ ಮಗುವನ್ನು ಕರೆತರುವ ವಾಹನಕ್ಕೂ ಕೇಳಿದರೆ ಸಿಗುತ್ತಿತ್ತು. ಸಂಖ್ಯೆಯ ಒಂದು ಮಾತೂ ಇದೆ. ದಡಾರ-ರುಬೆಲ್ಲಾ ಲಸಿಕೆಯ ಸೀಸೆಯನ್ನು ದ್ರಾವಣದಲ್ಲಿ ಕಲಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದುದನ್ನು ಚೆಲ್ಲಬೇಕು. ಒಂದೇ ಮಗು ಬಂದರೂ ಸೀಸೆಯನ್ನು ಒಡೆಯಬೇಕೆಂಬುದು ನಿಯಮವಾದರೂ, ಒಂದೇ ದಿನ ಎಂಟು ಹತ್ತು ಮಕ್ಕಳು ಸೇರಿದರೆ ವ್ಯರ್ಥ ತಪ್ಪುತ್ತದೆ. ಕುಟುಂಬಗಳ ಪಟ್ಟಿಯಿರುವ ಟ್ರಸ್ಟಿಗೆ ಹೀಗೆ ಸೇರಿಸುವುದು ಕಷ್ಟವಲ್ಲ. ಚಾತುರ್ಮಾಸದ ಆಮಂತ್ರಣ ಮನೆಮನೆಗೆ ತಲಪುವಂತೆ ಒಂದು ನೆನಪೋಲೆಯೂ ತಲಪಬಲ್ಲದು. ಮತ್ತು ಅದು ಜೈನರ ಮನೆಗಳಿಗೆ ಮಾತ್ರ ತಲಪಬೇಕೆಂದೇನೂ ಇಲ್ಲ.

ತಪ್ಪಿಹೋದ ಡೋಸಿನ ವಿಷಯದಲ್ಲಿ ಜನರಲ್ಲಿ ಒಂದು ತಪ್ಪು ಕಲ್ಪನೆ ಬಲವಾಗಿದೆ. ಅಂತರ ಹೆಚ್ಚಾದರೆ ಮೊದಲಿನಿಂದ ಎಲ್ಲವನ್ನೂ ಹಾಕಿಸಬೇಕು, ಇಲ್ಲವೇ ಇನ್ನು ಹಾಕಿಸಿ ಪ್ರಯೋಜನವಿಲ್ಲ ಎಂದು ಅನೇಕರು ಕಾರ್ಡನ್ನು ಮಡಿಚಿಡುತ್ತಾರೆ. ವೈದ್ಯಶಾಸ್ತ್ರ ಹಾಗೆ ಹೇಳುವುದಿಲ್ಲ. ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಬೇಕು. ಪೆಂಟಾವೇಲೆಂಟ್‌ನ ಎರಡು ಡೋಸುಗಳ ನಡುವೆ ನಾಲ್ಕು ವಾರ ಕಳೆದಿದ್ದರೆ ಸಾಕು, ಅದಕ್ಕಿಂತ ಎಷ್ಟು ಹೆಚ್ಚಾದರೂ ಹಿಂದಿನದು ವ್ಯರ್ಥವಲ್ಲ. ಆದರೆ ಕೆಲವು ಬಾಗಿಲುಗಳು ಮುಚ್ಚುತ್ತವೆಂಬುದೂ ನಿಜ. ಸರಕಾರದ ಕಾರ್ಯಕ್ರಮದಲ್ಲಿ ಬಿಸಿಜಿಗೆ ಒಂದು ವರ್ಷ ಮಿತಿ. ರೋಟಾವೈರಸ್ ಮತ್ತು ಪೆಂಟಾವೇಲೆಂಟ್‌ಗಳ ಮೊದಲ ಡೋಸೂ ವರ್ಷದೊಳಗೇ ಆಗಬೇಕು. ದಡಾರ-ರುಬೆಲ್ಲಾ ಐದು ವರ್ಷದವರೆಗೆ. ಡಿಪಿಟಿಯನ್ನು ಏಳು ವರ್ಷದವರೆಗೆ ಕೊಡುತ್ತಾರೆ. ಮಿತಿ ದಾಟಿದವರಿಗೂ ಕೆಲವು ಲಸಿಕೆಗಳನ್ನು ಮಕ್ಕಳ ವೈದ್ಯರು ಹಾಕಬಲ್ಲರು, ಕೇಳಬೇಕಷ್ಟೆ.

ಮೇಲೆ ಲೆಕ್ಕಕ್ಕೆ ತೆಗೆದುಕೊಂಡ ಮಗುವಿಗೆ 2024ರ ಜೂನ್ 25ಕ್ಕೆ ಐದು ತುಂಬಿತು. ಡಿಪಿಟಿಯ ಎರಡನೆಯ ಬೂಸ್ಟರ್ ಐದರಿಂದ ಆರು ವರ್ಷದೊಳಗೆ ಆಗಬೇಕಾದುದು. ಸೋಂಕಿನ ಕಾಲದಲ್ಲಿ ಹದಿನಾರನೆಯ ತಿಂಗಳ ಬೂಸ್ಟರನ್ನು ತಪ್ಪಿಸಿಕೊಂಡ ಮಕ್ಕಳಲ್ಲಿ ಇದನ್ನೂ ತಪ್ಪಿಸಿಕೊಂಡವರು ಯಾರೆಂಬುದನ್ನು ಶಾಲೆಗೆ ಸೇರಿಸುವಾಗಿನ ಕಾರ್ಡು ತೆಗೆದು ನೋಡಿದರೆ ತಿಳಿಯುತ್ತದೆ. ಆ ವಯಸ್ಸಿನವರಿಗೆ ಮುಂದಿನ ಟಿಡಿ ಲಸಿಕೆ ಹತ್ತನೆಯ ವರ್ಷಕ್ಕೆ, ಅಂದರೆ 2029ಕ್ಕೆ.